ಹನ್ನೊಂದನೆಯ ಮನೆಯ ಹೊಗೆ

ಖಾಲಿ ಮನೆಗಳಲ್ಲಿ ಒಲೆ ಹಚ್ಚುವುದೂ ಒಂದು ಕೆಲಸವೇ ಎಂದು ಯಾರಾದರೂ ನಕ್ಕರೆ ಒಲೆಯಕ್ಕ ಬಿಡುವವಳಲ್ಲ. "ನಗಿ, ನಗಿ. ಈ ಚಳಿಯಲ್ಲಿ ಒಂದು ವಾರ ನಾನು ಮಲಗಿಬಿಟ್ರೆ ನೀರಿನ ಪೈಪೆಲ್ಲ ಹೆಪ್ಪುಗಟ್ಟಿ ಒಡೀತವೆ. ಆಗ ನೋಡೋಣ ನಿಮ್ಮ ಹಲ್ಲು." ಒಲೆಯಕ್ಕ ಎಂಬುದು ಊರಿಟ್ಟ ಹೆಸರು, ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಾರೆ. ಸೊಂಟದಲ್ಲಿ ಹನ್ನೊಂದು ಬೀಗದ ಕೈ, ಕಂಕುಳಲ್ಲಿ ಸೌದೆಯ ಬುಟ್ಟಿ.

ಮರ ಕೊಯ್ಯುವ ಕಾರ್ಖಾನೆ ಮುಚ್ಚಿದ ಮೇಲೆ ಉತ್ತರದ ತುದಿಯ ಈ ಊರಿನಿಂದ ಜನ ಒಬ್ಬರ ಹಿಂದೊಬ್ಬರು ಗಂಟುಮೂಟೆ ಕಟ್ಟಿದ್ದರು. ಈಗ ಆ ಕಾರ್ಖಾನೆಗೆ ಯಾರೋ ಬಂಡವಾಳ ಹಾಕಲು ಮುಂದೆ ಬಂದಿದ್ದಾರೆ. ಕೆಲಸಗಾರರು ಸಂಸಾರ ಸಮೇತ ಬಂದು ನೆಲೆಸಬೇಕು ಎಂಬುದು ಅವರ ಷರತ್ತು. ಅದಕ್ಕೇ ಊರ ಕಚೇರಿಯವರು ಹೊರಗಿನ ಕುಟುಂಬಗಳನ್ನು ಕರೆಸಿ ಮನೆ ತೋರಿಸುತ್ತಾರೆ. ಅಂಥ ದಿನ ಹನ್ನೊಂದೂ ಮನೆಗಳಲ್ಲಿ ಬೆಂಕಿ ಇರಲೇಬೇಕು. "ಹೊಗೆ ಎದ್ರೆ ಊರು, ಇಲ್ದಿದ್ರೆ ಕಾಡು" ಎಂಬುದು ಅಲ್ಲಿಯ ಗುಮಾಸ್ತನ ವೇದವಾಕ್ಯ.

ಒಲೆಯಕ್ಕನಿಗೆ ಬಂಡವಾಳ ಕಟ್ಟಿಕೊಂಡು ಆಗಬೇಕಾದದ್ದು ಏನೂ ಇರಲಿಲ್ಲ. ಶಾಲೆಯಲ್ಲಿ ಉಳಿದದ್ದು ಆರು ಮಕ್ಕಳು. ತಿಂಗಳೊಳಗೆ ಎಂಟಾಗದಿದ್ದರೆ ಶಾಲೆಗೆ ಬೀಗ. ಅವಳ ಏಳು ವರ್ಷದ ಮಗಳು ನಾಲ್ಕು ಗಂಟೆ ದೂರದ ಹಾಸ್ಟೆಲ್ಲಿಗೆ. ಅಮ್ಮನ ಕಿವಿ ಹಿಡಿದುಕೊಳ್ಳದೆ ನಿದ್ದೆ ಬಾರದ ಕೂಸು ಅದು. ಅಲ್ಲಿ ಯಾರ ಕಿವಿ ಹಿಡಿದೀತು?

ಆ ಮಂಗಳವಾರ ಬರುವವರಿದ್ದದ್ದು ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆರೂ ಎರಡೂ ಎಂಟು. ಅವರಿಗೆ ಗೊತ್ತುಮಾಡಿದ್ದು ಹತ್ತನೆಯ ಮನೆ. ಗೋಡೆಗೆ ಗೋಡೆ ಅಂಟಿಕೊಂಡ ಹನ್ನೊಂದನೆಯದು ಖಾಲಿ ಬಿದ್ದು ಒಂಬತ್ತು ವರ್ಷ.

ಬೆಳಿಗ್ಗೆ ಹನ್ನೊಂದನೆಯ ಮನೆಯಲ್ಲಿ ಕಡ್ಡಿ ಗೀರುವ ಮೊದಲೇ ಒಲೆಯ ಕಬ್ಬಿಣ ಕೈಗೆ ಬೆಚ್ಚಗೆ ತಾಗಿತು. ನಿನ್ನೆಯ ಕಾವಿರಬೇಕು ಎಂದುಕೊಂಡಳು. ನಿನ್ನೆ ತಾನು ಇತ್ತ ಬಂದೇ ಇರಲಿಲ್ಲ ಎಂಬುದು ಬೀಗ ಹಾಕುವಾಗ ಹೊಳೆಯಿತು. ನಿಂತು ಯೋಚಿಸಲು ಪುರುಸೊತ್ತಿರಲಿಲ್ಲ.

ಅವಳದೊಂದು ಕಳ್ಳರೂಢಿ ಇತ್ತು. ಸೌದೆ ತಡೆದು ಉರಿಯಲಿ ಎಂದು ಹೊಗೆ ಕೊಳವೆಯ ಮುಚ್ಚಳವನ್ನು ಮುಕ್ಕಾಲು ಮುಚ್ಚಿಬಿಡುವುದು. ಒಂದಿಷ್ಟು ಹೊಗೆ ಒಳಗೇ ಸುತ್ತುತ್ತದೆ. ಸುತ್ತಲಿ, ಯಾರ ಕಣ್ಣು ಉರಿಯಬೇಕು? ಈ ಗುಟ್ಟನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಗುಮಾಸ್ತ ಹತ್ತನೆಯ ಮನೆ ತೋರಿಸುವಾಗ ಬಂದವರ ಪೈಕಿ ಹೆಂಡತಿಯ ಮುಖ ಬಾಡಿತ್ತು. "ಒಂದು ನಾಯೀನೂ ಬೊಗಳಲ್ವಲ್ರೀ ಇಲ್ಲಿ. ನಂಗೆ ಆಗಲ್ಲ" ಎಂದು ಗಂಡನ ತೋಳು ಜಗ್ಗಿ, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದಳು. ಆದರೆ ಹತ್ತು ನಿಮಿಷದಲ್ಲಿ ಅವಳು ನಗುನಗುತ್ತ ಒಳಗೆ ಬಂದಳು.

"ಪಕ್ಕದ ಮನೆ ಅಜ್ಜಿ ಕಿಟಕಿಯಿಂದ್ಲೇ ಮಾತಾಡ್ಸಿದ್ರು. ಎಷ್ಟು ಒಳ್ಳೇವ್ರು!"

ಗುಮಾಸ್ತನ ಪೆನ್ನು ನಿಂತಿತು. "ಯಾವ ಮನೆ ಅಮ್ಮಾ?"

"ಇಗೋ, ಈ ಗೋಡೆ ಆಚೆ." ಅವಳು ಒಲೆಯಕ್ಕನತ್ತ ತಿರುಗಿದಳು. "ನಿಮ್ಮ ಮೇಲೊಂದು ದೂರಿದೆ ಅಕ್ಕ. 'ಒಲೆಯಕ್ಕಂಗೆ ಹೇಳಮ್ಮ, ಹೊಗೆ ಮುಚ್ಚಳ ಅಷ್ಟು ಮುಚ್ಚಬೇಡ ಅಂತ. ಕಣ್ಣು ಉರಿಯತ್ತೆ, ಕೆಮ್ಮು ಬರತ್ತೆ' ಅಂದ್ರು."

ಒಲೆಯಕ್ಕನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹನ್ನೊಂದನೆಯ ಬೀಗದ ಕೈ ಅಲ್ಲೇ ಇತ್ತು, ಮಂಜಿನಂತೆ ತಣ್ಣಗೆ. ಗುಮಾಸ್ತ ಅವಳನ್ನೇ ನೋಡುತ್ತಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದರೆ ಈ ನಾಲ್ವರೂ ಬಂದ ಬಸ್ಸಿಗೇ ಹತ್ತುತ್ತಾರೆ. ಅವಳ ಕಿವಿಯ ಮೇಲೆ ಪುಟ್ಟ ಬೆರಳುಗಳು ಬಿಗಿದಂತಾಯಿತು.

"ನಂದೇ ತಪ್ಪು" ಎಂದಳು. "ವಯಸ್ಸಾದವ್ರು ಅಲ್ವಾ. ಸರಿ ಮಾಡ್ತೀನಿ."

ಬಂದಾಕೆಯ ಗಂಡ ಅಲ್ಲೇ ಕಾಗದಕ್ಕೆ ಸಹಿ ಹಾಕಿದ.

ಅವರನ್ನು ಕಳಿಸಿ ಒಲೆಯಕ್ಕ ಹನ್ನೊಂದನೆಯ ಮನೆಯ ಬೀಗ ತೆಗೆದಳು. ಕೋಣೆ ತುಂಬ ಹೊಗೆ, ಯಾರೂ ಇಲ್ಲ. ಮಸಿ ಹಿಡಿದ ಕಿಟಕಿಯ ಗಾಜಿನಲ್ಲಿ ಮಾತ್ರ ಒಂದು ಮುಖ ಹಿಡಿಸುವಷ್ಟು ಜಾಗವನ್ನು ಯಾರೋ ಒಳಗಿನಿಂದ ಒರೆಸಿದ್ದರು. ಅವಳು ಮುಚ್ಚಳವನ್ನು ಪೂರ್ತಿ ತೆರೆದು, ಬೆನ್ನು ತಿರುಗಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದಳು.

ಶಾಲೆ ಉಳಿಯಿತು. ಒಲೆಯಕ್ಕ ಈಗ ಆ ಬೀಗಕ್ಕೆ ಕೈ ಹಾಕುವ ಮುನ್ನ ಎರಡು ಸಲ ಬಾಗಿಲು ತಟ್ಟಿ, ತುಸು ಹೊತ್ತು ಕಾಯುತ್ತಾಳೆ. ಮೊನ್ನೆ ಹತ್ತನೆಯ ಮನೆಯಾಕೆ ಬಟ್ಟೆ ಒಣಹಾಕುತ್ತ ಹೇಳಿದಳು: "ಅವತ್ತು ಕೆಮ್ಮು ಅಂದಿದ್ರಲ್ಲ, ರಾತ್ರಿ ಗೋಡೆ ಆಚೆ ಕೆಮ್ಮೇ ಕೇಳಲ್ಲ ಅಕ್ಕ. ಅಜ್ಜಿಗೆ ವಾಸಿಯಾಗಿರ್ಬೇಕು."

"ಹೂಂ, ಈಗ ಹೊಗೆ ಇಲ್ವಲ್ಲ" ಎಂದಳು ಒಲೆಯಕ್ಕ, ಮತ್ತು ಬುಟ್ಟಿಗೆ ಇನ್ನೆರಡು ಕೊರಡು ಹೆಚ್ಚಿಗೆ ಹಾಕಿಕೊಂಡಳು.