ಅತ್ತೆಯ ಕಟ್ಟ

ಅತ್ತೆಯ ಪಾದಗಳು ತುಂಬ ಅಗಲವಾಗಿದ್ದವು. ಬೆರಳುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಹರಡಿಕೊಂಡಿದ್ದವು. ಅಂಗಡಿಯ ಯಾವ ಚಪ್ಪಲಿಯೂ ಅವರಿಗೆ ಸರಿಹೋಗುತ್ತಿರಲಿಲ್ಲ. ಮದುವೆಯಾಗಿ ಕೋಟದಿಂದ ಕುಂದಾಪುರದ ಈ ಮನೆಗೆ ಬಂದ ಹೊಸತರಲ್ಲಿ ನಾನು ಆ ಪಾದಗಳನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕಿದ್ದರು.

"ಎಂತ ಕಾಣ್ತೆ? ಕೆಸ್ರ್ ಮೆಟ್ಟಿ ಮೆಟ್ಟಿ ಹಿಂಗಾದ್ದ್, ಮಾರಾಯ್ತಿ."

ನಮ್ಮ ಹಿತ್ತಿಲಿನಲ್ಲಿ ಒಂದು ತೋಡು ಇದೆ. ಮೇಲಿನ ಕೇರಿಯ ಮಳೆನೀರೆಲ್ಲ ಅದಕ್ಕಿಳಿದು, ನಮ್ಮ ಬಾವಿಯ ಪಕ್ಕದಲ್ಲೇ ಹರಿದು ಹೊಳೆ ಸೇರುತ್ತದೆ. ಸಮುದ್ರ ಹತ್ತಿರವಾದ್ದರಿಂದ ಬೇಸಿಗೆಯಲ್ಲಿ ಕಡಲು ಉಬ್ಬುವ ಭರತಕ್ಕೆ ಉಪ್ಪುನೀರು ತೋಡಿನೊಳಗೆ ಏರಿ ಬರುತ್ತದೆ, ಬಾವಿಗಳೂ ಉಪ್ಪಾಗುತ್ತವೆ. ಅದಕ್ಕೇ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಮಣ್ಣಿನ ಕಟ್ಟ ಹಾಕುವುದು ಇಲ್ಲಿನ ರೂಢಿ. ಉಪ್ಪು ಆಚೆ ನಿಲ್ಲುತ್ತದೆ. ಮೇಲಿನಿಂದ ಬಂದ ನೀರು ಈಚೆ ನಿಂತು ನೆಲಕ್ಕಿಳಿಯುತ್ತದೆ, ಬಾವಿ ಸಿಹಿಯಾಗಿ ಉಳಿಯುತ್ತದೆ. ಮುಂದಿನ ಮಳೆಗೆ ಮುಂಚೆ ಕಟ್ಟ ಒಡೆಯಬೇಕು, ಇಲ್ಲದಿದ್ದರೆ ಕೇರಿಗೇ ನೀರು ನುಗ್ಗುತ್ತದೆ.

ಕಟ್ಟದ ಯಜಮಾನಿಕೆ ಅತ್ತೆಯದು. ಗಂಡಸರು ಮಣ್ಣು, ತೆಂಗಿನ ಮಡಲು ಹೊತ್ತು ತರುತ್ತಿದ್ದರು. ಮೆಟ್ಟಿ ಗಟ್ಟಿ ಮಾಡುವವರು ಇವರೇ. "ಮದಿ ಮನಿ ಊಟಕ್ಕ್ ಬಂದರ್ ಹಾಂಗ್ ನಿಲ್ಬ್ಯಾಡಿ, ಮಣ್ಣ್ ತನ್ನಿ!" ಎಂದು ಸೀರೆ ಎತ್ತಿ ಕಟ್ಟಿಕೊಂಡು ಕೂಗುತ್ತಿದ್ದರು. ಬೇಸಿಗೆಯಲ್ಲಿ ಅಕ್ಕಪಕ್ಕದ ಮನೆಗಳಿಗೂ ನಮ್ಮ ಬಾವಿಯ ನೀರೇ. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಟ್ಟು, ಅವರು ಕುಡಿದು ಲೋಟ ಇಡುವವರೆಗೆ ಮುಖವನ್ನೇ ನೋಡುತ್ತ ನಿಲ್ಲುವರು. ಯಾರಾದರೂ ನೀರು ಚೆನ್ನಾಗಿದೆ ಎಂದರೆ ಆ ದಿನವೆಲ್ಲ ಅವರಿಗೆ ಖುಷಿ.

ಕಾಲ ಬದಲಾಯಿತು. ಮೇಲಿನ ಕೇರಿಯಲ್ಲಿ ಬಾಡಿಗೆ ಮನೆಗಳೆದ್ದವು. ಅವುಗಳ ಬಚ್ಚಲಿನ, ಅಡುಗೆಮನೆಯ ಪೈಪುಗಳು ತೋಡಿಗೆ ತೆರೆದುಕೊಂಡವು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರೊಬ್ಬರದು ಅಲ್ಲಿನ ದೊಡ್ಡ ಕಟ್ಟಡ. ಅತ್ತೆ ಅವರನ್ನು ದಾರಿಯಲ್ಲೇ ನಿಲ್ಲಿಸಿ ಪೈಪಿನ ಮಾತೆತ್ತಿದರು.

"ಅಕ್ಕ, ಎಲ್ಲಾ ಕಡಿಗ್ ಸಮುದ್ರಕ್ಕೇ ಹೋಪ್ದಲ್ದಾ?" ಎಂದರು ಅವರು.

"ಸಮುದ್ರದವರೆಗೆ ಟಿಕೇಟ್ ತೆಗ್ದ್ ಕೊಟ್ಟಿದ್ಯಾ? ನಿನ್ ಬಚ್ಚಲ್ ನೀರ್ ದಾರಿಯಗೇ ನಮ್ಮನಿ ಬಾವಿಗೆ ಇಳಿತ್ತ್ ಕಾಣ್!"

ಜಗಳವಾಡಿ ಬಂದವರು ಆ ವರ್ಷವೂ ಕಟ್ಟ ಹಾಕಿಸಿದರು. ಹಿಂದಿನವರು ಹಾಕುತ್ತಿದ್ದ ಜಾಗದಲ್ಲೇ, ಇನ್ನಷ್ಟು ಗಟ್ಟಿಯಾಗಿ. ಬಾವಿಯನ್ನು ಕಾಯುವುದಕ್ಕೆ ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಚಳಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಪುಟ್ಟ ಹುಡುಗಿಗೆ ಕಾಮಾಲೆಯಾಯಿತು. ಕುಡಿಯುತ್ತಿದ್ದುದು ನಮ್ಮ ಬಾವಿಯ ನೀರು. ಆಸ್ಪತ್ರೆಗೆ ಸೇರಿಸಿದರು. ಬಾವಿಯ ನೀರನ್ನು ಪರೀಕ್ಷೆಗೆ ಒಯ್ದವರು ಕುಡಿಯಬೇಡಿ ಎಂದರು. ಪುರಸಭೆಯಿಂದ ಬಂದ ಇಂಜಿನಿಯರ್ ಹುಡುಗಿ ತೋಡಿನ ದಂಡೆಯಲ್ಲಿ ನಿಂತು, ಕಟ್ಟದ ಹಿಂದೆ ಬೂದುಬಣ್ಣಕ್ಕೆ ತಿರುಗಿ ನಿಂತಿದ್ದ ನೀರನ್ನು ತೋರಿಸಿದರು.

"ಅಮ್ಮ, ನಿಂತ ನೀರು ಬಾವಿಗಿಳಿಯುತ್ತದೆ ಎನ್ನುವುದು ನಿಮಗೂ ಗೊತ್ತು. ಈಗ ನಿಂತಿರುವುದು ಮಳೆನೀರಲ್ಲವಲ್ಲ" ಎಂದರು. ಮೆಲ್ಲಗೇ ಹೇಳಿದರು.

ಅತ್ತೆ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಗುದ್ದಲಿಯ ಸದ್ದು ಕೇಳಿ ಹೊರಗೆ ಓಡಿದೆ. ಕಟ್ಟದ ಮೇಲೆ ಅತ್ತೆ ಒಬ್ಬರೇ ಇದ್ದರು.

"ಹ್ವಾಯ್ ಅಮ್ಮ, ಎಂತ ಮಾಡ್ತ್ರಿ? ಮಳಿ ಬಪ್ಪುಕೆ ಇನ್ನೂ ಎಷ್ಟ್ ಸಮಯ ಇತ್ತ್! ಉಪ್ಪ್ ಹತ್ತತ್ತ್!" ಎಂದು ಆಚೆ ದಂಡೆಯಿಂದ ಯಾರೋ ಕೂಗಿದರು.

"ಹತ್ಲಿ. ಉಪ್ಪ್ ಆದ್ರೆ ಬಾಯಿಗೆ ಗೊತ್ತಾತ್ತ್. ಇದ್ ಗೊತ್ತಾಯ್ಲಿಲ್ಲ ಅಲ್ದಾ?"

ನಾನು ಗುದ್ದಲಿ ಕೇಳಿದೆ, ಕೊಡಲಿಲ್ಲ. "ಮೆಟ್ಟಿದ್ದ್ ನಾನ್" ಎಂದಷ್ಟೇ ಹೇಳಿದರು.

ಪಕ್ಕದ ಮನೆಯ ಹುಡುಗಿ ಗುಣವಾಗಿ ಬಂದಳು. ಅತ್ತೆ ದಿನಾ ಎಳನೀರಿನ ಬೊಂಡ ಹಿಡಿದುಕೊಂಡು ಅವಳನ್ನು ನೋಡಲು ಹೋಗುತ್ತಿದ್ದರು. ಅವಳ ತಾಯಿ ಬೊಂಡ ತೆಗೆದುಕೊಂಡು ಒಳಗೆ ಹೋಗುವರು. ಬೈದಿದ್ದರೆ ಅತ್ತೆಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಮನೆಗೆ ಬಂದವರಿಗೆ ಬೆಲ್ಲ ಕೊಟ್ಟು, "ನೀರ್ ಕ್ಯಾನಿಂದ್" ಎಂದು ತಲೆ ತಗ್ಗಿಸುವರು.

ಆಮೇಲೆ ಅವರು ಮೇಲಿನ ಕೇರಿಯ ಮನೆಮನೆಗೆ ಹೋದರು. ಈ ಸಲ ಜಗಳವಾಡಲಿಲ್ಲ. ಪೈಪು ತೆಗೆದು ಇಂಗುಗುಂಡಿ ಮಾಡಿಕೊಳ್ಳಿ ಎಂದು ಕೇಳಿಕೊಂಡರು. ಮುಂಬೈಯವರು ತಮ್ಮಲ್ಲಿ ಗುಂಡಿಗೆ ಜಾಗವೇ ಇಲ್ಲವೆಂದರು. ಬಾವಿಗೂ ತೋಡಿಗೂ ದೂರದ ನಮ್ಮ ಹಿತ್ತಿಲಿನ ಮೇಲಿನ ಮೂಲೆಯಲ್ಲಿ, ಅವರ ಗೋಡೆಗೆ ತಾಗಿ, ಅತ್ತೆಯ ಮಲ್ಲಿಗೆ ಗಿಡಗಳಿದ್ದವು. ಇಂಜಿನಿಯರ್ ಹುಡುಗಿಯನ್ನು ಕರೆಸಿ, ಅಲ್ಲಿ ಆಗಬಹುದೇ ಎಂದು ಕೇಳಿ, ಗಿಡಗಳನ್ನು ಕೀಳಿಸಿದರು.

"ಅಕ್ಕ, ನಿಮ್ ಜಾಗದಲ್ಲಿ ನನ್ ಬಚ್ಚಲ್ ನೀರಾ?" ಮುಂಬೈಯವರು ಸಂಕೋಚದಿಂದ ನಿಂತರು.

"ಇಷ್ಟ್ ದಿನ ಬಾವ್ಯಗೇ ಇಟ್ಕಂಡಿದ್ದೆ ಅಲ್ದಾ? ಇದೆಂತ ದೊಡ್ಡದ್?"

ಅವರು ನಗಲಿಲ್ಲ. ಮರುದಿನವೇ ಆಳುಗಳನ್ನು ಕರೆತಂದರು.

ಮುಂದಿನ ಮಳೆಗಾಲಕ್ಕೆ ಅತ್ತೆ ಹಾಸಿಗೆ ಹಿಡಿದರು. ಹೃದಯ ಸೋತಿದೆ ಎಂದರು ಡಾಕ್ಟರು. ಮಲಗಿದ ಕೋಣೆಗೆ ತೋಡಿನ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಗಂಜಿ ಒಯ್ದಾಗ ಮೊದಲು ಕೇಳುತ್ತಿದ್ದುದು ಒಂದೇ.

"ನೀರ್ ಯಾವ್ ಬಣ್ಣ?"

"ಕೆಂಪ್, ಅತ್ತೆ."

"ಹಾಂಗಾರೆ ಮಳಿದೇ" ಎಂದು ಕಣ್ಣು ಮುಚ್ಚುವರು.

ಆಸಾಡಿ ತಿಂಗಳು ಕಳೆಯುವ ಮುಂಚೆ ತೀರಿಕೊಂಡರು. ತೋಡಿಗೆ ತೆರೆದಿದ್ದ ಕೊನೆಯ ಪೈಪನ್ನು ಮುಚ್ಚಿದ್ದು ಅದಾದ ಮೇಲೆ. ಮಳೆ ಬಿಟ್ಟ ಮೇಲೆ ಕೇರಿಯವರೆಲ್ಲ ಸೇರಿ ಮತ್ತೆ ಕಟ್ಟ ಹಾಕಿದೆವು. ಬಾವಿಯನ್ನು ಬರಿದುಮಾಡಿ, ಔಷಧಿ ಹಾಕಿಸಿ, ಬೇಸಿಗೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆವು. ಕುಡಿಯಬಹುದು ಎಂದರು.

ನಮ್ಮಲ್ಲಿ ಇನ್ನೊಬ್ಬರ ಬಾವಿಯಿಂದ ನೀರು ಸೇದುವವರು ಮೊದಲು ಮನೆಯವರನ್ನು ಕೂಗಿ ಹೇಳುತ್ತಾರೆ. ಪರೀಕ್ಷೆಯವರು ಹೇಳಿದ ಮರುದಿನ ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಿಲಿನಿಂದ, ಕಾಮಾಲೆಯಾಗಿದ್ದ ಆ ಹುಡುಗಿಯ ತಾಯಿಯ ದನಿ ಕೇಳಿಸಿತು.

"ಹ್ವಾಯ್ ಅಮ್ಮಾ, ಒಂದ್ ಕೊಡಪಾನ ನೀರ್ ತಕಂತೆ."

ಕೂಗಿದ ಮೇಲೆ ಅವರಿಗೂ ನೆನಪಾಯಿತೇನೋ, ರಾಟೆಯ ಸದ್ದು ಕೇಳಿಸಲಿಲ್ಲ. ಅತ್ತೆ ಇದ್ದಿದ್ದರೆ ಇಷ್ಟರಲ್ಲಿ ಉತ್ತರ ಹೋಗಿರುತ್ತಿತ್ತು. ನಾನು ಬಾಗಿಲಿಗೆ ಬಂದೆ. ಅವರು ಖಾಲಿ ಕೊಡಪಾನ ಹಿಡಿದು ಕಾಯುತ್ತಿದ್ದರು.

"ತಕಣಿ" ಎಂದೆ.