ಐಡ್ಲಿಂಗ್ ನಿಲ್ಲದ ಗಾಡಿ, ಬಾಯಿ ಬಿಡದ ಮಿಸ್ತ್ರಿ

ಕೆಟ್ಟ ಗಾಡಿ ತಂದು ನಿಲ್ಲಿಸಿದರೆ ಕೊಟ್ರಪ್ಪ ಮಿಸ್ತ್ರಿ ಮೊದಲು ಗಾಡಿ ತಂದವರ ಮುಖ ನೋಡುತ್ತಿದ್ದರು. ಎಣ್ಣೆ ಹತ್ತಿದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ, ಹತ್ತೂ ಬೆರಳು ಮುಗಿಯುವ ತನಕ ತುಟಿ ಬಿಚ್ಚದೆ ನೋಡುತ್ತಿದ್ದರು. ಹತ್ತನೆಯ ಬೆರಳಾದ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು. ಅದಕ್ಕೂ ಗಾಡಿಗೂ ಸಂಬಂಧ ಇರಲೇಬೇಕೆಂದೇನೂ ಇರಲಿಲ್ಲ. ನಾನು ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ನನ್ನ ತಾಳ್ಮೆಯನ್ನು ಈ ಒಬ್ಬ ಮನುಷ್ಯ ಸುಸ್ತು ಮಾಡಿದಷ್ಟು ಆ ಮಕ್ಕಳೆಲ್ಲ ಸೇರಿಯೂ ಮಾಡಲಿಲ್ಲ.

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡು, ಮುಂದೆ ಬೇವಿನ ಮರ, ಮರದ ಕೆಳಗೆ ಕೊಟ್ರಪ್ಪ. ನಾನಾಗ ತಂಬ್ರಹಳ್ಳಿ ಶಾಲೆಯಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಸ್ಸಿಗೆ ಹೋದರೆ ಪ್ರಾರ್ಥನೆ ಮುಗಿದ ಮೇಲೆ ಮುಟ್ಟುತ್ತಿದ್ದೆ, ಹೆಡ್‌ಮಾಸ್ಟರ ಮುಖ ನೋಡಲಾಗುತ್ತಿರಲಿಲ್ಲ. ಅದಕ್ಕೇ ಹಠ ಹಿಡಿದು, ನನ್ನ ಸಂಬಳದಲ್ಲಿ ಒಂದು ಹಳೇ ಸ್ಕೂಟರ್ ತಗೊಂಡೆ. ಮನೆಯಲ್ಲಿ ನಾವಿಬ್ಬರು ಮತ್ತು ಕಣ್ಣು ಮಂಜಾದ ಅತ್ತೆ. ನಮ್ಮನೆಯವರು ದಲಾಲಿ ಅಂಗಡಿಯಲ್ಲಿ ಗುಮಾಸ್ತರು, ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಗಾಡಿ ಕಲಿ ಅಂದರೆ ನನಗೆ ಅದೆಲ್ಲ ಒಗ್ಗುವುದಿಲ್ಲ ಅನ್ನುತ್ತಿದ್ದರು.

ಮೊದಲ ಸಲ ಗಾಡಿ ಕೆಟ್ಟಾಗ ಇವರೇ ನನ್ನ ಜೊತೆ ಕೊಟ್ರಪ್ಪನ ಹತ್ತಿರ ಬಂದರು. ರೋಗ ಸಣ್ಣದು. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು, ಎಕ್ಸಲರೇಟರ್ ಬಿಟ್ಟ ಕೂಡಲೇ ಆಫ್, ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಕೊಟ್ರಪ್ಪ ಕಾರ್ಬೊರೇಟರ್ ಬಿಚ್ಚಿ, ಕಸ ತೆಗೆದು, ಮತ್ತೆ ಕೂಡಿಸಿ, ಪಕ್ಕದ ಒಂದು ಸಣ್ಣ ಸ್ಕ್ರೂ ತೋರಿಸಿದರು. "ನೋಡ್ರಿ ಸರ, ಇದನ್ನ ಬಲಕ್ಕ ತಿರುವಿದ್ರ ರೇಸ್ ಏರತೈತಿ, ಎಡಕ್ಕ ಬಿಟ್ರ ಇಳೀತೈತಿ. ಭಾಳ ಇಳದ್ರ ಗಾಡಿ ನಿಂತಲ್ಲೇ ಆಫ್." ಗಾಡಿ ನನ್ನದು, ಓಡಿಸುವವಳು ನಾನು, ಪಾಠ ಮಾತ್ರ ನನ್ನ ಗಂಡನಿಗೆ. ಅವತ್ತೇ ಆ ಮಿಸ್ತ್ರಿಯ ಮೇಲೆ ನನಗೆ ಸಿಟ್ಟು ಬಂದಿತ್ತು.

ಹದಿನೈದು ದಿನ ಸುಖವಾಗಿತ್ತು. ಆಮೇಲೆ ಮತ್ತೆ ಅದೇ ರೋಗ. ದಾರಿಗೆ ಕುರಿ ಹಿಂಡು ಅಡ್ಡ ಬಂದರೆ ಆಫ್, ಹತ್ತಿ ತುಂಬಿದ ಚಕ್ಕಡಿ ಎದುರಾದರೆ ಆಫ್. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಾನು ಕಿಕ್ ಹೊಡೆಯುವುದನ್ನು ನೋಡಲು ಚಹಾದಂಗಡಿ ಮುಂದಿನ ಗಂಡಸರು ಗ್ಲಾಸು ಕೆಳಗಿಡುತ್ತಿದ್ದರು. ಒಬ್ಬರಾದರೂ ಬಂದು ಕೈ ಹಚ್ಚಲಿಲ್ಲ. ಮನೆಯಲ್ಲಿ ಇವರು ಮಾತ್ರ ಮರುಗುತ್ತಿದ್ದರು. "ಪಾಪ, ಯಾಕ ಇಷ್ಟು ಒದ್ದಾಡ್ತಿ? ಇನ್ನೊಂದು ತಿಂಗಳು ನೋಡೋಣು. ಸರಿ ಆಗಲಿಲ್ಲಂದ್ರ ಮಾರಿಬಿಡೋಣು. ಹರಪನಹಳ್ಳ್ಯಾಗ ಕೇಳೋರು ಅದಾರ." ಮಾರಿದರೆ ಮತ್ತೆ ಆ ಬಸ್ಸು, ಮತ್ತೆ ಹೆಡ್‌ಮಾಸ್ಟರ ಮುಖ. ಇನ್ನೊಂದು ಗಾಡಿಯ ಮಾತನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ.

ಹೀಗೆ ಶುರುವಾಯಿತು ನನ್ನ ಶನಿವಾರದ ಸೇವೆ. ಅರ್ಧ ದಿನದ ಶಾಲೆ ಮುಗಿಸಿ ನೇರ ಬೇವಿನ ಮರದ ಕೆಳಗೆ. ಎರಡನೇ ವಾರ ಕೊಟ್ರಪ್ಪ ಕಾರ್ಬೊರೇಟರಿನ ಹತ್ತಿರ ಬಗ್ಗಿ ನೋಡಿ, ಎದ್ದು, ಬೆರಳು ಒರೆಸಲು ಶುರು ಮಾಡಿದರು.

"ಗಾಡಿ ಎಲ್ಲಿ ನಿಲ್ಲಸ್ತೀರಿ ಟೀಚರಮ್ಮ?"

"ಮನಿ ಒಳಗ, ಪಡಸಾಲ್ಯಾಗ."

"ಬಾಗಿಲಾ ಹಾಕ್ತೀರಿ?"

"ಹಾಕ್ದೆ ಏನ್ರಿ?"

"ಮುಂಜಾನಿ ಯಾರು ಒರಸ್ತಾರ ಗಾಡಿ?"

"ಮಿಸ್ತ್ರಿ, ಗಾಡಿಗಿ ಏನಾಗೈತಿ ಅದನ್ನ ಹೇಳ್ರಿ."

"ಹೇಳೋಣಂತ, ಅವಸರ ಯಾಕ?" ಎಂದು ಸ್ಕ್ರೂ ತಿರುಗಿಸಿ ಕೊಟ್ಟು ಕಳಿಸಿದರು. ಸೋಮವಾರ ಮತ್ತೆ ಆಫ್.

ಮೂರನೇ ವಾರ ನಾನು ಈ ಮಿಸ್ತ್ರಿಯ ಸಹವಾಸವೇ ಬೇಡ ಅಂತ ಮೇನ್ ರೋಡಿನ ಇನ್ನೊಂದು ಗ್ಯಾರೇಜಿಗೆ ಹೋದೆ. ಅವನು ಎರಡೇ ನಿಮಿಷದಲ್ಲಿ ರೇಸ್ ಏರಿಸಿಕೊಟ್ಟ. ಗಾಡಿ ನಿಂತಲ್ಲೇ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಎರಡು ದಿನಕ್ಕೆ ಅದೂ ಇಳಿಯಿತು. ತಲೆ ತಗ್ಗಿಸಿಕೊಂಡು ವಾಪಸ್ ಬಂದರೆ ಕೊಟ್ರಪ್ಪನಿಗೆ ಎಲ್ಲಾ ಗೊತ್ತಾಗಿತ್ತು. "ರೇಸ್ ಏರ್ಸಿ ಕಳ್ಸೋದು ರಿಪೇರಿ ಅಲ್ರಿ. ಕೆಮ್ಮೋ ಮನಷ್ಯಾಗ ಜೋರಾಗಿ ಹಾಡು ಅಂದಂಗ ಅದು. ಮಗಳ ಮದುವಿ ಮಾತಿಗಿ ಬೇಕಾದ್ರ ನಾಕು ಸುಳ್ಳು ಹೇಳೇನು, ಗಾಡಿ ಮಾತಿಗಿ ಹೇಳಂಗಿಲ್ಲ ನಾನು." ಇದು ಬರೀ ಜಂಬವಲ್ಲ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯವರು ಕೂಡ ಹಳೇ ಗಾಡಿ ಕೊಳ್ಳುವ ಮೊದಲು ಕೊಟ್ರಪ್ಪನ ಒಂದು ಮಾತು ಕೇಳಲು ಬರುತ್ತಿದ್ದರು. ಅವತ್ತು ಸ್ಕ್ರೂ ಕೆಳಗಿನ ಸ್ಪ್ರಿಂಗ್ ಬದಲಿಸಿದರು. ಹಳೇ ಸ್ಪ್ರಿಂಗ್ ಸೋತಿದ್ದರೆ ಓಡುವಾಗಿನ ಅದುರಾಟಕ್ಕೆ ಸ್ಕ್ರೂ ತಾನಾಗಿ ಬಿಡುತ್ತದಂತೆ. ಏನೂ ಪ್ರಯೋಜನವಾಗಲಿಲ್ಲ.

ನಾಲ್ಕನೇ ವಾರ ಮುಗಿಯಿತು ಮರ್ಯಾದೆ. ಕೊಟ್ರಪ್ಪ ಪಕ್ಕದ ಬಳೆ ಅಂಗಡಿಗೆ ಹೋಗಿ, ಕೆಂಪು ಉಗುರು ಬಣ್ಣದ ಶೀಶೆ ತಂದು, ಆ ಸ್ಕ್ರೂ ತಲೆಯಿಂದ ಕಾರ್ಬೊರೇಟರಿನ ಮೈಗೆ ಒಂದು ಗೆರೆ ಎಳೆದರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಏನ್ರಿ ಇದು ಅಂದರೆ, "ಚಂದ ಕಾಣ್ಲಿ ಬಿಡ್ರಿ" ಅಂದರು. ತಿಂಗಳ ವಾಯಿದೆ ಮುಗಿಯುತ್ತಾ ಬಂದಿದೆ, ಗಾಡಿ ಕೈಬಿಟ್ಟು ಹೋಗುತ್ತದೆ ಅಂತ ನಾನು ಒಳಗೊಳಗೇ ಬೇಯುತ್ತಿದ್ದರೆ ಈ ಮನುಷ್ಯ ಗಾಡಿಗೆ ಸಿಂಗಾರ ಮಾಡುತ್ತಿದ್ದಾನಲ್ಲ ಅನಿಸಿತು.

ಐದನೇ ಶನಿವಾರ ಹೋದಾಗ ಅವರು ಬೆರಳು ಒರೆಸಲಿಲ್ಲ. ನನಗೆ ಸ್ಟೂಲು ಹಾಕಿ, "ನೀವ ನೋಡ್ರಿ" ಅಂದರು. ಕೆಂಪು ಗೆರೆ ತುಂಡಾಗಿತ್ತು. ಅರ್ಧ ಗೆರೆ ಕಾರ್ಬೊರೇಟರಿನ ಮೇಲೆ ಇದ್ದಲ್ಲೇ ಇತ್ತು, ಉಳಿದರ್ಧ ಸ್ಕ್ರೂ ಜೊತೆ ಇನ್ನೊಂದು ದಿಕ್ಕಿಗೆ ಹೋಗಿತ್ತು. ಸ್ಕ್ರೂ ತಲೆಯ ಮೇಲೆ ಹೊಸದಾಗಿ ಗೀಚಿದ ಬಿಳಿ ಗುರುತು.

"ಹೊಸಾ ಸ್ಪ್ರಿಂಗ್ ಐತಿ. ತಾನಾಗಿ ಇಷ್ಟು ತಿರಗಂಗಿಲ್ಲ. ಗಾಡಿಗಿ ಏನೂ ಆಗಿಲ್ರಿ," ಅಂದರು. ಆಮೇಲೆ, ನನ್ನ ಮುಖ ನೋಡದೆ, "ಮನ್ಯಾಗ ಸ್ಕ್ರೂಡ್ರೈವರ್ ಐತೇನ್ರಿ?"

ಇತ್ತು. ರೇಡಿಯೋ ಬಿಚ್ಚಲು ನಮ್ಮನೆಯವರು ಇಟ್ಟುಕೊಂಡಿದ್ದರು. ಪಾಪ ಯಾಕ ಒದ್ದಾಡ್ತಿ ಅಂದ ದನಿ ಕಿವಿಯಲ್ಲಿ ಕೇಳಿತು.

"ನಿಮಗ ಯಾವಾಗ ಗೊತ್ತಾತು?"

"ಎರಡನೇ ವಾರಾನ ಅನುಮಾನ ಬಂತ್ರಿ."

"ಹೇಳಬೇಕಿತ್ತಲ್ಲ ಮತ್ತ?"

"ಏನಂತ ಹೇಳ್ಲಿ ಟೀಚರಮ್ಮ? ನಾನು ಗಾಡಿ ಮಿಸ್ತ್ರಿ."

ಎರಡನೇ ವಾರವೇ ಹೇಳಿದ್ದರೆ ಮೂರು ಶನಿವಾರ ಉಳಿಯುತ್ತಿದ್ದವು. ಆ ಸಿಟ್ಟಿನಲ್ಲಿ ಟ್ರಂಕು ಕಟ್ಟಿಕೊಂಡು ತವರಿಗೆ ಹೊರಟೂ ಬಿಡುತ್ತಿದ್ದೆ, ಅದೂ ನಿಜ. ಕೊಟ್ರಪ್ಪ ಒಂದು ಗಿಡ್ಡ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟು, ಎಷ್ಟು ತಿರುಗಿಸಿದರೆ ಎಂಜಿನ್ ಸಮನಾಗಿ ಉಸಿರಾಡುತ್ತದೆ ಅಂತ ಕಿವಿಯಿಂದಲೇ ಕಲಿಸಿದರು. ಅದು ನನ್ನ ಬ್ಯಾಗಿನಲ್ಲಿ ಸೀಮೆಸುಣ್ಣದ ಜೊತೆ ಸೇರಿತು. ಊರ ಹೊರಗೆ ಗಾಡಿ ನಿಲ್ಲಿಸಿ ದಿನಾ ನಾನು ಬಲಕ್ಕೆ ತಿರುಗಿಸುತ್ತಿದ್ದೆ, ಮರುದಿನ ನೋಡಿದರೆ ಎಡಕ್ಕೆ ತಿರುಗಿರುತ್ತಿತ್ತು. ಗಾಡಿ ಹೆಂಗೈತಿ ಅಂತ ಇವರು ಕೇಳಿದರೆ, ಚಲೋ ಐತಿ ಅನ್ನುತ್ತಿದ್ದೆ. ಇವರ ಮುಖ ನೋಡಬೇಕಿತ್ತು. ಕೇಳಿಬಿಡೋಣ ಅಂತ ನಾಲಗೆಯ ತುದಿಗೆ ಎಷ್ಟು ಸಲ ಬಂತೋ. ಕೇಳಿದರೆ ಆ ಮನೆ ಮೊದಲಿನ ಹಾಗೆ ಇರುವುದಿಲ್ಲ ಅಂತ ಹೆದರಿ ಸುಮ್ಮನಾದೆ.

ಅಷ್ಟರಲ್ಲಿ ಒಂದು ಭಾನುವಾರ ಇವರು ಹರಪನಹಳ್ಳಿಯ ಗಿರಾಕಿಯನ್ನು ಕರಕೊಂಡೇ ಬಂದರು. ಮಾತು ಕೊಟ್ಟೀನಿ ಅಂದರು. ಗಿರಾಕಿ ಒಂದೇ ಷರತ್ತು ಹಾಕಿದ: ಕೊಟ್ರಪ್ಪ ಮಿಸ್ತ್ರಿ ಹೂಂ ಅಂದರೆ ತಗೊಳ್ಳುತ್ತೇನೆ. ನಾನೂ ಹಿಂದೆಯೇ ಹೋದೆ. ನನ್ನ ಗಾಡಿಯನ್ನು ಕೊನೆಯ ಸಲ ನೋಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅವತ್ತು ಅದು ಎಂದೂ ಇಲ್ಲದಷ್ಟು ಚೆನ್ನಾಗಿ ಸ್ಟಾರ್ಟ್ ಆಗಿ, ನಿಂತಲ್ಲೇ ನಿಂತು, ಹದವಾಗಿ ಓಡುತ್ತಿತ್ತು. ಅದನ್ನು ಹಾಗೆ ಮಾಡಿದವಳು ನಾನೇ, ಮುಂಜಾನೆ ಹಾಲು ತರಲು ಹೋದಾಗ. ಕೊಟ್ರಪ್ಪ ಹತ್ತೂ ಬೆರಳು ಒರೆಸಿಕೊಂಡರು. ಅಷ್ಟೂ ಹೊತ್ತು ನೋಡಿದ್ದು ನನ್ನ ಗಂಡನನ್ನು.

"ತಗೋಬ್ಯಾಡ್ರಿ," ಅಂದರು ಗಿರಾಕಿಗೆ. "ಎಂಜಿನ್ ಒಳಗಿನ ಕ್ರ್ಯಾಂಕ್ ಹೋಗೈತಿ."

"ಚಲೋ ಓಡಾಕತ್ತೈತಲ್ರಿ?"

"ನಿಮಗ ಹಂಗ ಕೇಳಸ್ತೈತಿ."

ಗಿರಾಕಿ ಬಸ್ ಸ್ಟ್ಯಾಂಡಿನ ಕಡೆ ಹೊರಟ. ನಮ್ಮನೆಯವರು ಬಾಯಿ ತೆರೆದರು, ಮುಚ್ಚಿದರು. ಗಾಡಿಗೆ ಏನೂ ಆಗಿಲ್ಲ ಅಂತ ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅದನ್ನು ಹೇಳಬೇಕಾದರೆ ಉಳಿದದ್ದೂ ಹೇಳಬೇಕಾಗುತ್ತಿತ್ತು. ಕೊಟ್ರಪ್ಪ ಬಹಳ ಮೆತ್ತಗೆ, "ಸರ, ಇನ್ನ ಇದನ್ನ ಯಾರೂ ಕೊಳ್ಳಂಗಿಲ್ರಿ. ಟೀಚರಮ್ಮಾನ ಓಡಿಸ್ಕೊಳ್ಲಿ ಬಿಡ್ರಿ," ಅಂದರು. ಮರುದಿನದಿಂದ ಆ ಸ್ಕ್ರೂ ಎಡಕ್ಕೆ ತಿರುಗಲಿಲ್ಲ. ಆ ಗಾಡಿಯನ್ನು ಮುಂದೆ ಏಳು ವರ್ಷ ಓಡಿಸಿದೆ.

ಕೈ ನಡುಗಲು ಶುರುವಾದ ಮೇಲೆ ಕೊಟ್ರಪ್ಪ ಶೆಡ್ಡು ಮುಚ್ಚಿ ಇಟ್ಟಿಗಿ ಊರಿನಲ್ಲಿದ್ದ ಮಗಳ ಮನೆ ಸೇರಿದರು. ಅವರು ತೀರಿಕೊಂಡ ಸುದ್ದಿ ಬಂದಾಗ ನಾವಿಬ್ಬರೂ ಮಣ್ಣಿಗೆ ಹೋದೆವು. ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಾ ನಿಂತಾಗ ಇವರು ರಸ್ತೆ ನೋಡುತ್ತಲೇ ಅಂದರು:

"ಮಿಸ್ತ್ರಿ ಅವತ್ತು ಸುಳ್ಳು ಹೇಳಿದ್ರು."

"ಗೊತ್ತೈತ್ರಿ."

"ಯಾಕ ಹೇಳಿದ್ರಂತಾನೂ ಗೊತ್ತಾ?"

"ಅದೂ ಗೊತ್ತೈತಿ."

"ಅಂಗಡ್ಯಾಗ ಎಲ್ಲಾರೂ ಆಡ್ಕೊಂತಿದ್ರು, ಹೆಂಡ್ತಿ ಗಾಡಿ ಮ್ಯಾಲ, ಗಂಡ ಸೈಕಲ್ ಮ್ಯಾಲ ಅಂತ. ತಪ್ಪಾತು. ಇಷ್ಟು ವರ್ಷ ನೀನು ಒಂದು ಮಾತೂ ಕೇಳಲಿಲ್ಲ."

"ನೀವಾಗೇ ಹೇಳ್ತೀರಿ ಅಂತ ಕಾದೆ."

ಇವರು ಅತ್ತರು. ನಾನೂ ಅತ್ತೆ. ಅಳುತ್ತಲೇ ಕೊಟ್ರಪ್ಪನ ಮೇಲೆ ಮತ್ತೆ ಸಿಟ್ಟು ಉಕ್ಕಿತು. ಅಷ್ಟು ಅಚ್ಚುಕಟ್ಟಾಗಿ ನನ್ನ ಗಂಡನ ಮಾನ ಕಾಪಾಡಿರದಿದ್ದರೆ ಈ ಮಾತು ಹತ್ತು ವರ್ಷ ಮೊದಲೇ ಬರುತ್ತಿತ್ತೋ, ಇಲ್ಲಾ ಕೇಳಲು ನಾನೇ ಆ ಮನೆಯಲ್ಲಿರುತ್ತಿರಲಿಲ್ಲವೋ. ನಿಂತು ಜಗಳವಾಡಿ ಇತ್ಯರ್ಥ ಮಾಡಿಕೊಳ್ಳೋಣವೆಂದರೆ ಆ ಮನುಷ್ಯನೇ ಇಲ್ಲ.