ಎಲೆತೋಟದ ಮೈಲಿಗೆ

ಪುಟ್ಟಲಿಂಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೇರಿಯೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಬಿಡಿ, ಆಡುವವರೇನು ಬಂದು ಒಂದು ಕೊಡ ನೀರು ಹೊತ್ತರೇ? ಕುಂಬಾರಕೊಪ್ಪಲಿನಲ್ಲಿ ಹುಟ್ಟಿ, ಹದಿನೇಳಕ್ಕೆ ಮದುವೆಯಾಗಿ, ನಂಜನಗೂಡು ರಸ್ತೆ ಪಕ್ಕದ ಹತ್ತು ಗುಂಟೆ ವೀಳ್ಯದೆಲೆ ತೋಟಕ್ಕೆ ಸೊಸೆಯಾಗಿ ಬಂದವಳು ಅವಳು. ಎಲೆಬಳ್ಳಿಗೆ ಬೇಸಿಗೆಯಲ್ಲಿ ಎರಡು ಹೊತ್ತೂ ನೀರು ಬೇಕು, ಅದನ್ನು ಕೊಡದಲ್ಲೇ ಹೊತ್ತು ಒಂದೊಂದು ಬುಡಕ್ಕೂ ಹುಯ್ಯಬೇಕು. ಗಂಡ ಮಹದೇವಸ್ವಾಮಿ ಎಲೆ ಹೊತ್ತು ಮಾರ್ಕೆಟ್ಟಿಗೆ ಹೋದನೆಂದರೆ ತೋಟದಲ್ಲಿ ಉಳಿಯುವವಳು ಇವಳೊಬ್ಬಳೇ. ಇಪ್ಪತ್ತೆರಡು ವರ್ಷದಲ್ಲಿ ಅವಳ ಸೊಂಟ ಕೊಡ ಕಾಣದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ತೊಂಬತ್ತೇಳನೇ ಇಸವಿಯ ಮೇ ತಿಂಗಳು. ಮದುವೆಗಳ ಭರಾಟೆ, ಎಲ್ಲರಿಗೂ ಎಲೆ ಬೇಕು. ಆ ಭಾನುವಾರ ಕೀಳುವುದಕ್ಕೆ ಇಡೀ ಮನೆಯೇ ತೋಟಕ್ಕೆ ಬಂದಿತ್ತು. ಬೆಳಗಿನ ಆರಕ್ಕೇ ಹೆಬ್ಬೆರಳಿಗೆ ಎಲೆ ಚಿವುಟುವ ತಗಡಿನ ಉಗುರು ಸಿಕ್ಕಿಸಿಕೊಂಡು ಏಣಿ ಹತ್ತಿದ ಪುಟ್ಟಲಿಂಗಮ್ಮ ಹನ್ನೊಂದರವರೆಗೆ ಕೆಳಗಿಳಿಯಲಿಲ್ಲ. ಗಂಡ ಎಲೆ ಜೋಡಿಸಿ ಬಾಳೆನಾರಲ್ಲಿ ಕಟ್ಟು ಕಟ್ಟಿದ. ಮಕ್ಕಳು ಸಿಮೆಂಟ್ ತೊಟ್ಟಿಗೆ ಧುಮುಕಿ ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ಕೂಗಾಡಿದರು. ಅತ್ತೆ ಸಣ್ಣತಾಯಮ್ಮ ಹಲಸಿನ ಮರದ ನೆರಳಲ್ಲಿ ಕೂತು ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಹಂಚಿದಳು.

ಆ ಗಲಾಟೆಯಲ್ಲಿ ಸೇರದೆ ಬೇಲಿಯಾಚೆ ಕೂತಿದ್ದವಳು ಪುಟ್ಟಲಿಂಗಮ್ಮನ ಮಗಳು, ಹದಿಮೂರರ ಶಿಲ್ಪಶ್ರೀ ಒಬ್ಬಳೇ. ಎಲೆತೋಟದಲ್ಲಿ ಲಕ್ಷ್ಮಿ ಇರುತ್ತಾಳೆ, ಚಪ್ಪಲಿ ಹೊರಗೇ ಬಿಡಬೇಕು. ಮುಟ್ಟಾದ ಹೆಂಗಸಂತೂ ಬೇಲಿ ದಾಟಲೇಬಾರದು, ದಾಟಿದರೆ ಬಳ್ಳಿ ಬಾಡಿಹೋಗುತ್ತದೆ. ಇದು ಆ ಕಡೆಯ ಎಲೆತೋಟಗಳ ಹಳೇ ಕಟ್ಟಳೆ. ಶಿಲ್ಪಶ್ರೀಗೆ ಅಂದು ನಾಲ್ಕನೇ ದಿನ.

ಊಟ ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ಭಾವ ಬೆಟ್ಟಯ್ಯ ಸ್ಕೂಟರಿನಲ್ಲಿ ಬಂದಿಳಿದ. ಮಹದೇವಸ್ವಾಮಿಯ ಅಣ್ಣ, ಕಾರ್ಖಾನೆ ನೌಕರ, ರಜೆ ಸಿಕ್ಕಾಗ ಬಂದು ಅಪ್ಪಣೆ ಕೊಡಿಸುವುದೇ ಅವನ ಬೇಸಾಯ. ಕಟ್ಟಿನಿಂದ ಒಂದೆಲೆ ತೆಗೆದು ಅಡಿಕೆ ಜೊತೆ ಬಾಯಿಗಿಟ್ಟು ತೋಟದ ಮೂಲೆಗೆ ಹೋದವನು ಅಲ್ಲಿಂದಲೇ ಕೂಗಿದ.

"ಲೋ ಮಾದೇವ, ಬಾರೋ ಇಲ್ಲಿ! ಎರಡು ಸಾಲು ಜೋತುಬಿದ್ದೋಗದೆ ನೋಡು!"

ಅತ್ತೆಯೊಬ್ಬಳನ್ನು ಬಿಟ್ಟು ಎಲ್ಲರೂ ಓಡಿದರು. ನಿಜ, ಮೂಲೆಯ ಎರಡು ಸಾಲಿನ ಬಳ್ಳಿಗಳು ಹಳದಿ ತಿರುಗಿ ಎಲೆ ಇಳಿಬಿಟ್ಟಿದ್ದವು. ಬೆಟ್ಟಯ್ಯ ಸುತ್ತಲೂ ನೋಡಿದ, ಅವನ ಕಣ್ಣು ಬೇಲಿಯಾಚೆಯ ಹುಡುಗಿಯ ಮೇಲೆ ನಿಂತಿತು.

"ಮಗ, ಸುಳ್ಳು ಹೇಳ್ಬ್ಯಾಡ. ನೀನು ಒಳಕ್ಕೆ ಬಂದಿದ್ಯಾ?"

ಶಿಲ್ಪಶ್ರೀ ತಲೆ ತಗ್ಗಿಸಿದಳು. "ಗುರುವಾರ, ಶುಕ್ರವಾರ ಬಂದಿದ್ದೆ ದೊಡ್ಡಪ್ಪ. ಅವ್ವ ಹಿನಕಲ್‌ಗೆ ಮದುವೆಗೆ ಹೋಗಿದ್ಲು. ನೀರು ಹುಯ್ಯೋರು ಯಾರೂ ಇರ್ಲಿಲ್ಲ."

"ನೋಡ್ದ್ಯಾ! ಮನೆಹಾಳು ಕೆಲಸ!" ಬೆಟ್ಟಯ್ಯ ತೊಡೆ ತಟ್ಟಿಕೊಂಡ. "ಇನ್ನು ಈ ಹುಡುಗಿ ತೋಟದೊಳಕ್ಕೆ ಕಾಲಿಡಕೂಡ್ದು. ನಾಳೆನೇ ಬೆಟ್ಟಕ್ಕೆ ಕರ್ಕೊಂಡೋಗಿ ತಾಯಿ ಗುಡೀಲಿ ತಪ್ಪುಕಾಣಿಕೆ ಹಾಕ್ಸಿ."

ಮಹದೇವಸ್ವಾಮಿ ತಲೆ ಕೆರೆದುಕೊಂಡ. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನನ್ನಿಂದ ಸತ್ತೋಯ್ತಾ ಅವ್ವ? ಬಳ್ಳಿ ನನ್ನಿಂದ ಸತ್ತೋಯ್ತಾ?" ಎಂದು ಬಿಕ್ಕಿದಳು.

ಆ ಮಾತು ಕೇಳಿದ್ದೇ ಪುಟ್ಟಲಿಂಗಮ್ಮನ ಮೈಯೆಲ್ಲ ಉರಿದುಹೋಯಿತು. ಬಳ್ಳಿ ಹೋದರೆ ಹೋಗಲಿ, ಮತ್ತೆ ನೆಡಬಹುದು. ಈ ಮಾತು ಒಂದು ಸಲ ಮಗಳ ಎದೆಯೊಳಗೆ ಬೇರು ಬಿಟ್ಟರೆ ಕಿತ್ತುಹಾಕುವವರು ಯಾರು? ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಡಿದ ಬಳ್ಳಿಯ ಬುಡಕ್ಕೆ ಕುಕ್ಕರುಗಾಲಲ್ಲಿ ಕೂತು, ಬರಿಗೈಯಲ್ಲಿ ಮಣ್ಣು ಕೆದಕಿದಳು. ಗೇಣುದ್ದ ಕೆಳಗೆ ಕಪ್ಪಗೆ, ಹಸಿಹಸಿಯಾಗಿ, ಮುಟ್ಟಿದರೆ ಬೆಚ್ಚಗೆ ಕುರಿಗೊಬ್ಬರ ಸಿಕ್ಕಿತು. ಒಂದು ಹಿಡಿ ತೆಗೆದು ಬೆಟ್ಟಯ್ಯನ ಮೂಗಿನ ಮುಂದೆ ಹಿಡಿದಳು.

"ಇದ್ಯಾರು ಹಾಕ್ಸಿದ್ದು ಭಾವ?"

"ನಾನೇ. ಶುಕ್ರವಾರ ಮಧ್ಯಾಹ್ನ ತೋಟದಲ್ಲಿ ಯಾರೂ ಇಲ್ದಾಗ ಬಂದು ಎರಡು ಸಾಲಿಗೆ ಹಾಕಿಸ್ದೆ. ಒಳ್ಳೇದಾಗ್ಲಿ ಅಂತ..."

"ಕಳೀದೇ ಇರೋ ಹಸಿ ಗೊಬ್ಬರ ಈ ಬಿಸಿಲಲ್ಲಿ ಬುಡಕ್ಕೆ ತುಂಬಿದ್ರೆ ಬೇರು ಬೇಯದೆ ಇನ್ನೇನಾಯ್ತದೆ? ಮಗ ನೀರು ಹುಯ್ದ ಮಿಕ್ಕ ಸಾಲೆಲ್ಲ ನೆಟ್ಟಗೇ ಅವೆ. ನೀವು ಕೈ ಹಾಕಿದ ಎರಡೇ ಬಾಡವೆ. ಕಣ್ಣಿಲ್ವಾ?"

ಬೆಟ್ಟಯ್ಯನ ಮುಖ ಕಪ್ಪಿಟ್ಟಿತು. ಆದರೂ ಗಂಡಸು, ಅಷ್ಟು ಸುಲಭಕ್ಕೆ ಸೋಲೊಪ್ಪಿಕೊಂಡಾನೇ? "ಗೊಬ್ಬರದ ಮಾತು ಬುಡು. ಹಿರೀಕರು ಮಾಡಿದ ಕಟ್ಟಳೆ ಸುಳ್ಳಾ? ಮೈಲಿಗೆ ಆಗಿದ್ದು ದಿಟ ತಾನೆ?"

"ಮೈಲಿಗೆ!" ಪುಟ್ಟಲಿಂಗಮ್ಮ ಆ ಗೊಬ್ಬರವನ್ನು ನೆಲಕ್ಕೆ ಅಪ್ಪಳಿಸಿದಳು. "ಅಂಗಾದ್ರೆ ಕೇಳಿ. ಇಪ್ಪತ್ತೆರಡು ವರ್ಷದಿಂದ ತಿಂಗಳ ಮೂವತ್ತು ದಿನವೂ ಈ ತೋಟಕ್ಕೆ ನೀರು ಹುಯ್ದೋಳು ನಾನು. ಮೂವತ್ತು ದಿನವೂ! ನಿಮ್ ತಮ್ಮ ಮಾರ್ಕೆಟ್ಟಲ್ಲಿ, ನೀವು ಕಾರ್ಖಾನೇಲಿ. ಆ ಮೂರು ದಿನ ನೀರು ಹುಯ್ಯಕ್ಕೆ ಲಕ್ಷ್ಮಿ ಬರ್ತಿದ್ಲಾ? ಈಗ ಬಾಯಲ್ಲಿ ಮೆಲ್ಲುತಾ ಇದ್ದೀರಲ್ಲ, ಆ ಎಲೇನೂ ಅದೇ ಮೈಲಿಗೇಲಿ ಬೆಳೆದದ್ದು!"

ಬೆಟ್ಟಯ್ಯನ ದವಡೆ ಗಕ್ಕನೆ ನಿಂತಿತು. ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣು ಬಿಟ್ಟ.

ಆಗ ಮರದ ಕೆಳಗಿನಿಂದ ಅತ್ತೆ ಸಣ್ಣತಾಯಮ್ಮ, ಏನೋ ಸಣ್ಣ ವಿಷಯವೆಂಬಂತೆ, "ಅಯ್, ಅದಕ್ಯಾಕೆ ಇಷ್ಟು ರಂಪ? ನಾನೂ ಹೋಯ್ತಿದ್ದೆ ಕಣವ್ವ. ನಿಮ್ಮಾವ ಹುಯ್ತಿದ್ನಾ ನೀರ?" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಮಹದೇವಸ್ವಾಮಿಯೂ ನಕ್ಕ. ಸದ್ಯ ಜಗಳ ಮುಗಿಯಿತೆಂದು ಅವನಿಗೆ ಸಮಾಧಾನ.

ಪುಟ್ಟಲಿಂಗಮ್ಮ ನಗಲಿಲ್ಲ. ಸಾಲಿನಿಂದ ಹೊರಬಂದು ಅತ್ತೆಯ ಎದುರು ನಿಂತಳು.

"ನೀವೂ ಹೋಯ್ತಿದ್ರಾ?"

"ಹೂಂ ಮತ್ತೆ."

"ನನ್ ಚೊಚ್ಚಲ ಕೂಸು ಒಂಬತ್ತು ದಿನಕ್ಕೇ ಹೋಯ್ತಲ್ಲ ಅತ್ತೆ. ಆಗ ನಿಮ್ಮ ತೊಡೆ ಮೇಲೆ ತಲೆ ಇಟ್ಟು ನನ್ನಿಂದ ಏನೋ ತಪ್ಪಾಗದೆ ಅಂತ ಅತ್ನಲ್ಲ. ಏನಂದ್ರಿ ನೀವು?"

ಸಣ್ಣತಾಯಮ್ಮ ಕೈಯಲ್ಲಿದ್ದ ಮಾವಿನಹೋಳನ್ನು ಕೆಳಗಿಟ್ಟಳು.

"ಮುಟ್ಟಾದಾಗ ಕದ್ದು ತೋಟಕ್ಕೆ ಹೋಗಿದ್ಯೇನೋ, ಬೆಟ್ಟದ ತಾಯಿ ಹತ್ರ ಕ್ಷಮೆ ಕೇಳ್ಕೋ ಅಂದ್ರಿ. ಅವತ್ತಿಂದ ವರ್ಷ ವರ್ಷವೂ ಬರಿಗಾಲಲ್ಲಿ ಬೆಟ್ಟದ ಮೆಟ್ಲು ಹತ್ತಿ ತಪ್ಪಾಯ್ತು ತಪ್ಪಾಯ್ತು ಅಂತ ಹಣೆ ಚಚ್ಚಿಕೊಂಡೆ. ನನ್ ಕೂಸ ನಾನೇ ತಿನ್ಕೊಂಡೆ ಅಂದ್ಕೊಂಡಿದ್ದೆ! ನಾನೂ ಹೋಯ್ತಿದ್ದೆ ಕಣವ್ವ ಅಂತ ಈಗ ಅಂದ್ರಲ್ಲ, ಆ ಒಂದು ಮಾತು ಅವತ್ತು ಹೇಳಿದ್ರೆ ನಿಮ್ ಗಂಟೇನು ಹೋಯ್ತಿತ್ತು?"

"ನಂಗೆ ಮಾತ್ರ ಯಾರು ಹೇಳಿದ್ರವ್ವ?" ಎಂದಳು ಮುದುಕಿ.

ಪುಟ್ಟಲಿಂಗಮ್ಮ ಅವಳ ಕಡೆ ನೋಡಲಿಲ್ಲ. ತೊಟ್ಟಿಯ ಬಳಿಯಿದ್ದ ಕೊಡವೊಂದನ್ನು ಬೇಲಿಯಾಚೆಗೆ ಒಯ್ದು, ಅಳುತ್ತಿದ್ದ ಮಗಳ ಮುಂದೆ ಇಟ್ಟು, ಗಂಡಸರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ನಿಂಗೆ ನಾನು ಹೇಳ್ತಾವ್ನಿ, ಕೇಳುಸ್ಕೋ. ಬಳ್ಳಿ ನಿನ್ನಿಂದ ಸತ್ತಿಲ್ಲ. ಯಾವತ್ತೂ, ಏನೂ, ನಿನ್ನಿಂದ ಸಾಯಕಿಲ್ಲ. ಏಳು, ಇಳಿಹೊತ್ತಾಯ್ತು, ಆ ಸಾಲಿಗೆ ನೀರು ಬುಡಬೇಕು."

ಶಿಲ್ಪಶ್ರೀ ದೊಡ್ಡಪ್ಪನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಕೊಡ ಎತ್ತಿ ಬೇಲಿ ದಾಟಿದಳು. ಬೆಟ್ಟಯ್ಯ ದಾರಿ ಬಿಟ್ಟ. ಪುಟ್ಟಲಿಂಗಮ್ಮ ಇನ್ನೊಂದು ಕೊಡ ತುಂಬಿಕೊಂಡು ಮಗಳ ಹಿಂದೆ ಹೋದಳು. ಅತ್ತೆಯ ಜೊತೆ ಅವಳು ಶ್ರಾವಣ ಕಳೆಯುವವರೆಗೂ ಮಾತಾಡಲಿಲ್ಲ.